ಮದುವೆಯಾದ ಮೂರನೇ ದಿನಕ್ಕೇ ಅಂಡಮಾನ್‌ಗೆ ಹೊರಡಬಹುದೇ?

ಪ್ರಶ್ನೆ: ನನ್ನದು ದಾವಣಗೆರೆ. ಹುಡುಗ ರಾಣೆಬೆನ್ನೂರಿನವರು, ಕೆಲಸ ಬೆಂಗಳೂರಿನಲ್ಲಿ. ಫೆಬ್ರವರಿ ಎರಡನೇ ಭಾನುವಾರ ನಮ್ಮ ಮದುವೆ. ಬುಧವಾರ ಬೆಳಿಗ್ಗೆಯೇ ಹನಿಮೂನ್‌ಗೆ ಅಂಡಮಾನ್‌ಗೆ ಹೊರಡೋಣ ಅಂತಿದ್ದಾರೆ. ಟ್ರಾವೆಲ್ಸ್‌ನವರು 5 ರಾತ್ರಿ 6 ಹಗಲಿಗೆ ಇಬ್ಬರಿಗೂ ಸೇರಿ 92,000 ರೂಪಾಯಿ ಹೇಳಿದ್ದಾರೆ, ವಿಮಾನದ ಖರ್ಚು ಬೇರೆ. ಮೊದಲ ದಿನ ಪೋರ್ಟ್ ಬ್ಲೇರ್, ಎರಡನೇ ದಿನ ಬಾರಾಟಾಂಗ್, ಆಮೇಲೆ ಹ್ಯಾವ್‌ಲಾಕ್‌ನಲ್ಲಿ 2 ರಾತ್ರಿ, ನೀಲ್ ದ್ವೀಪದಲ್ಲಿ 1 ರಾತ್ರಿ. ಆರನೇ ದಿನ ಬೆಳಿಗ್ಗೆ ನೀಲ್‌ನಿಂದ ಹಡಗಿನಲ್ಲಿ ಬಂದು ಮಧ್ಯಾಹ್ನ ವಿಮಾನ. ನಮ್ಮಿಬ್ಬರಿಗೂ ಈಜು ಬರುವುದಿಲ್ಲ, ನಾನು ಇದುವರೆಗೆ ವಿಮಾನ ಹತ್ತಿಲ್ಲ. ಆ ಬುಧವಾರದ ಆಸುಪಾಸಿನಲ್ಲೇ ನನ್ನ ಮುಟ್ಟಿನ ದಿನವೂ ಇದೆ. ಮದುವೆಗೂ ಪ್ರವಾಸಕ್ಕೂ ಸೇರಿಸಿ ಮಾತ್ರೆ ತಗೊಂಡರೆ ಆಗುತ್ತಾ? ಒಡವೆ, ಬಟ್ಟೆ, ಕಾಗದಪತ್ರ ಏನೇನು ತಯಾರಿ ಬೇಕು ತಿಳಿಸಿ.

ಉತ್ತರ: ಜಾಗ ಚೆನ್ನಾಗಿ ಆರಿಸಿಕೊಂಡಿದ್ದೀರಿ, ತಿಂಗಳು ಇನ್ನೂ ಚೆನ್ನಾಗಿದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನೈರುತ್ಯ ಮಾರುತದ ಮಳೆ, ಅದು ಹೋದ ಮೇಲೆ ಈಶಾನ್ಯ ಮಾರುತದ ಸರದಿ. ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ನೀರೂ ತಿಳಿಯಾಗಿರುತ್ತದೆ. ಈಜು ಬಾರದ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ. ಆದರೆ ನಿಮಗೆ ಕೊಟ್ಟಿರುವ ಕಾರ್ಯಕ್ರಮದಲ್ಲಿ ಮೂರು ಸಂಗತಿ ಬದಲಾಗಲೇಬೇಕು: ಹೊರಡುವ ದಿನ, ಬಾರಾಟಾಂಗ್, ಕೊನೆಯ ರಾತ್ರಿ. ಈ ಮೂರನ್ನು ಸರಿಪಡಿಸಿಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

ಕೊನೆಯ ರಾತ್ರಿಯ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳು ಗಾಳಿ, ಅಲೆ, ಬಂದರಿನ ಅನುಮತಿ ನೋಡಿಕೊಂಡು ಹೊರಡುತ್ತವೆ. ಫೆಬ್ರವರಿಯಲ್ಲಿ ರದ್ದಾಗುವುದು ಕಡಿಮೆ. ಆದರೂ ಒಂದೆರಡು ಗಂಟೆ ತಡವಾಗುವುದು, ಸಮಯ ಹಿಂದೆ ಮುಂದೆ ಆಗುವುದು ಇದ್ದೇ ಇರುತ್ತದೆ. ಬೆಳಿಗ್ಗೆ ನೀಲ್‌ನಿಂದ ಹೊರಟು ಮಧ್ಯಾಹ್ನದ ವಿಮಾನ ಹಿಡಿಯುವ ಯೋಜನೆಯಲ್ಲಿ ಹಡಗು ಎರಡು ಗಂಟೆ ತಡವಾದರೆ ಸಾಕು, ವಿಮಾನ ತಪ್ಪುತ್ತದೆ. ಹಡಗಿನವರು ರದ್ದಾದ ಟಿಕೆಟ್ಟಿನ ಹಣ ವಾಪಸ್ ಕೊಡಬಹುದು, ತಪ್ಪಿದ ವಿಮಾನದ ಹಣವನ್ನು ಯಾರೂ ಕೊಡುವುದಿಲ್ಲ. ಹೊಸ ಟಿಕೆಟ್ಟನ್ನು ಅದೇ ದಿನದ ದರಕ್ಕೆ ಕೊಳ್ಳಬೇಕಾಗುತ್ತದೆ. ಆದ್ದರಿಂದ ಐದನೇ ದಿನ ಸಂಜೆಯೊಳಗೆ ಪೋರ್ಟ್ ಬ್ಲೇರ್‌ಗೆ ಬಂದುಬಿಡಿ, ಕೊನೆಯ ರಾತ್ರಿ ಅಲ್ಲೇ ಕಳೆಯಿರಿ. ಟ್ರಾವೆಲ್ಸ್‌ನವರು 'ಏನೂ ಆಗಲ್ಲ ಮೇಡಂ, ದಿನಾ ಹೋಗ್ತಾರೆ' ಅಂದರೂ ಈ ಒಂದು ವಿಷಯದಲ್ಲಿ ಬಗ್ಗಬೇಡಿ.

ಇನ್ನು ಬಾರಾಟಾಂಗ್. ಸುಣ್ಣಕಲ್ಲಿನ ಗುಹೆ ನೋಡಲು ಪೋರ್ಟ್ ಬ್ಲೇರ್‌ನಿಂದ ಸುಮಾರು 100 ಕಿಲೋಮೀಟರ್ ರಸ್ತೆ ಪ್ರಯಾಣ, ನಡುವೆ ಜಾರವಾ ಬುಡಕಟ್ಟಿನವರ ಮೀಸಲು ಕಾಡು. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಿಂದ ವಾಹನಗಳನ್ನು ನಿಗದಿತ ಹೊತ್ತಿನಲ್ಲಿ ಸಾಲಾಗಿ ಬಿಡುತ್ತಾರೆ. ಬೆಳಗಿನ ಮೊದಲ ಸಾಲು ಹಿಡಿಯಬೇಕಾದರೆ ಹೋಟೆಲಿನಿಂದ ಮೂರು, ಮೂರೂವರೆಗೇ ಹೊರಡಬೇಕು. ಮದುವೆ ಮುಗಿಸಿ, ಹಿಂದಿನ ರಾತ್ರಿ ನಿದ್ದೆಗೆಟ್ಟು ವಿಮಾನ ಹತ್ತಿ ಬಂದವರಿಗೆ ಎರಡನೇ ದಿನವೇ ಇದು ಬೇಡ. ಇನ್ನೊಂದು ಮಾತೂ ಇದೆ. ಆ ಕಾಡು ಅವರ ಮನೆ. ದಾರಿಯಲ್ಲಿ ಕಂಡ ಜನರ ಫೋಟೋ ತೆಗೆಯುವುದು, ಬಿಸ್ಕತ್ತು ಎಸೆಯುವುದು ಶಿಕ್ಷಾರ್ಹ ಅಪರಾಧ. ಆದರೂ ಅವರು ಕಾಣುತ್ತಾರೇನೋ ಎಂಬ ಕುತೂಹಲದಿಂದಲೇ ಎಷ್ಟೋ ಜನ ಆ ದಾರಿಯಲ್ಲಿ ಹೋಗುತ್ತಾರೆ. ಅದರಲ್ಲಿ ಪಾಲ್ಗೊಳ್ಳದೆ ಇರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರಡುವ ದಿನಕ್ಕೆ ಬರೋಣ. ಭಾನುವಾರ ಮುಹೂರ್ತ, ಅದರ ಬೆನ್ನಿಗೇ ಮನೆ ತುಂಬಿಸಿಕೊಳ್ಳುವುದು, ಬೀಗರ ಊಟ, ಮನೆದೇವರು, ಸತ್ಯನಾರಾಯಣ ಪೂಜೆ. ಬುಧವಾರ ಬೆಳಗಿನ ವಿಮಾನಕ್ಕೆ ನೀವು ಮಂಗಳವಾರ ಸಂಜೆಯೇ ದಾವಣಗೆರೆ ಅಥವಾ ರಾಣೆಬೆನ್ನೂರು ಬಿಡಬೇಕು. ಅಂದರೆ ಕೈಯಲ್ಲಿ ಉಳಿಯುವುದು ಒಂದೂವರೆ ದಿನ. ಅಷ್ಟರಲ್ಲಿ ಯಾವುದೋ ಒಂದು ಶಾಸ್ತ್ರ ಬಿಟ್ಟುಹೋಗುತ್ತದೆ, ಯಾರಿಗೋ ಬೇಸರವಾಗುತ್ತದೆ, ಮುಯ್ಯಿ ಕವರು ಲೆಕ್ಕ ಹಾಕುವ ಗಡಿಬಿಡಿಯಲ್ಲಿ ಆಧಾರ್ ಕಾರ್ಡ್ ಯಾವ ಪರ್ಸಿನಲ್ಲಿತ್ತು ಎಂಬುದೇ ಮರೆತುಹೋಗುತ್ತದೆ. ಮುಂದಿನ ವಾರದ ಮಂಗಳವಾರಕ್ಕೆ ಹಾಕಿಕೊಳ್ಳಿ. ಎಂಟು ದಿನ ಅಂತರ ಸಿಗುತ್ತದೆ, ಭಾನುವಾರ ವಾಪಸ್ ಬರಬಹುದು. ಟಿಕೆಟ್ ಕಾಯ್ದಿರಿಸುವ ಮುನ್ನ ಎರಡೂ ಮನೆಯ ಹಿರಿಯರನ್ನು ಕೂರಿಸಿಕೊಂಡು ಮದುವೆಯ ನಂತರದ ಶಾಸ್ತ್ರಗಳ ದಿನಾಂಕ ಬರೆಸಿಕೊಳ್ಳಿ, ಬಾಯಿಮಾತು ಸಾಲದು. ಮುಯ್ಯೂಟಕ್ಕೋ ಧರ್ಮಸ್ಥಳಕ್ಕೋ ಹೋಗಬೇಕೆಂದು ಆಮೇಲೆ ನೆನಪಾದರೆ ವಿಮಾನದ ದಿನಾಂಕ ಬದಲಿಸಲು ಕೊಡಬೇಕಾದ ಶುಲ್ಕ ಕೆಲವೊಮ್ಮೆ ಟಿಕೆಟ್ಟಿನಷ್ಟೇ ಆಗುತ್ತದೆ.

ಹೀಗೆ ದಿನ ಮುಂದೆ ಹಾಕಿದರೆ ನಿಮ್ಮ ಮಾತ್ರೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಮುಟ್ಟು ಬುಧವಾರದ ಆಸುಪಾಸಿನಲ್ಲಿ ತಾನಾಗಿ ಬಂದರೆ ಮಂಗಳವಾರದ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಪೂಜೆಯೊಂದನ್ನು ಮದುವೆಯ ಮರುದಿನ ಸೋಮವಾರವೇ ಮಾಡಿಸಿ, ಇಲ್ಲವೇ ಪ್ರವಾಸ ಮುಗಿಸಿ ಬಂದ ಮೇಲೆ ಇಟ್ಟುಕೊಳ್ಳಿ.

ಆದರೂ ಮಾತ್ರೆಯ ಬಗ್ಗೆ ಪೂರ್ತಿ ತಿಳಿದುಕೊಂಡಿರುವುದು ಒಳ್ಳೆಯದು, ಏಕೆಂದರೆ ಮದುವೆ ಮನೆಗಳಲ್ಲಿ ಇದನ್ನು ತಲೆನೋವಿನ ಮಾತ್ರೆಯಷ್ಟೇ ಸಲೀಸಾಗಿ ನುಂಗಿಸುತ್ತಾರೆ. ಮುಟ್ಟು ಮುಂದೂಡಲು ಕೊಡುವುದು ನೊರೆಥಿಸ್ಟೆರಾನ್ ಎಂಬ ಹಾರ್ಮೋನು. ಸಾಮಾನ್ಯ ಕ್ರಮ 5 ಮಿಲಿಗ್ರಾಮ್‌ನ ಮಾತ್ರೆ ದಿನಕ್ಕೆ ಮೂರು ಸಲ, ಮುಟ್ಟಿನ ನಿರೀಕ್ಷಿತ ದಿನಕ್ಕಿಂತ ಮೂರು ದಿನ ಮೊದಲೇ ಶುರು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ತಪ್ಪಾಗುವುದು ಎಲ್ಲೆಂದರೆ, ಮದುವೆಗೆಂದು ಶುರು ಮಾಡಿದ್ದನ್ನು ಪ್ರವಾಸ ಮುಗಿಯುವವರೆಗೂ ಎಳೆಯುವುದರಲ್ಲಿ. ದಿನ ಹೆಚ್ಚಾದಂತೆ ಹೊಟ್ಟೆ ಉಬ್ಬರ, ಎದೆ ಬಿಗಿತ, ಮನಸ್ಸು ಕಿರಿಕಿರಿ. ಒಂದು ಹೊತ್ತಿನ ಮಾತ್ರೆ ಮರೆತರೂ ಸ್ವಲ್ಪ ಸ್ವಲ್ಪ ಸ್ರಾವ ಶುರುವಾಗಿ ಇಡೀ ಪ್ರವಾಸದುದ್ದಕ್ಕೂ ಕಾಡಬಹುದು. ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇದ್ದವರು, ತಮಗೋ ಹತ್ತಿರದ ರಕ್ತಸಂಬಂಧಿಗಳಿಗೋ ರಕ್ತ ಹೆಪ್ಪುಗಟ್ಟಿದ ತೊಂದರೆ ಆಗಿದ್ದವರು, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಇನ್ನೂ ಒಂದು: ಹೀಗೆ ತೆಗೆದುಕೊಂಡರೆ ಇದು ಗರ್ಭನಿರೋಧಕ ಅಲ್ಲ. ಹಾಗೆಂದು ನಂಬಿ ಕೂತವರಿದ್ದಾರೆ.

ಮದುವೆಗೆ ಒಂದೆರಡು ತಿಂಗಳು ಮೊದಲೇ ಸ್ತ್ರೀರೋಗ ತಜ್ಞರನ್ನು ಒಮ್ಮೆ ಕಂಡು ಬನ್ನಿ. ಮಗು ತಕ್ಷಣ ಬೇಡ ಎಂದಿದ್ದರೆ ಆಗಲೇ ಕೇಳಿ. ಪ್ರವಾಸದ ಮಟ್ಟಿಗೆ ಕಾಂಡೋಮ್ ಸುಲಭ. ಅದನ್ನು ಹುಡುಗ ಇಲ್ಲಿಂದಲೇ ಕೊಂಡೊಯ್ಯಲಿ, ದ್ವೀಪದ ಅಂಗಡಿಯಲ್ಲಿ ಹುಡುಕುವುದು ಬೇಡ. ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ತೆಗೆದುಕೊಳ್ಳಬೇಕು. ಅದು ಏನಾದರೂ ಎಡವಟ್ಟಾದಾಗ ಮಾತ್ರ, ದಿನಬಳಕೆಗಲ್ಲ. ಮುಂದಿನ ಮುಟ್ಟಿನ ದಿನವನ್ನೂ ಅದು ಏರುಪೇರು ಮಾಡುತ್ತದೆ. ಹೊಸ ದಾಂಪತ್ಯದಲ್ಲಿ ಹೆಣ್ಣುಮಕ್ಕಳಿಗೆ ಉರಿಮೂತ್ರ ಬರುವುದೂ ಬಹಳ ಸಾಮಾನ್ಯ, ನಾಚಿಕೊಂಡು ಮುಚ್ಚಿಡುವಂಥದ್ದೇನಲ್ಲ. ದಿನವಿಡೀ ನೀರು ಚೆನ್ನಾಗಿ ಕುಡಿಯಿರಿ, ಕೂಡಿದ ನಂತರ ಮೂತ್ರಕ್ಕೆ ಹೋಗಿಬನ್ನಿ, ಒದ್ದೆ ಈಜುಡುಗೆಯಲ್ಲಿ ಗಂಟೆಗಟ್ಟಲೆ ಕೂರಬೇಡಿ. ಉರಿಯ ಜೊತೆ ಜ್ವರ, ಚಳಿ, ಸೊಂಟದ ಮೇಲ್ಭಾಗದ ನೋವು ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಈಗ ಲೆಕ್ಕ. 92,000 ಹೆಚ್ಚೋ ಕಡಿಮೆಯೋ ಎಂದು ಬಿಡಿಸಿ ನೋಡಿದರಷ್ಟೇ ತಿಳಿಯುತ್ತದೆ. ಖಾಸಗಿ ಹಡಗಿನ ಸಾಮಾನ್ಯ ದರ್ಜೆಗೆ ಒಬ್ಬರಿಗೆ ಒಂದು ಪ್ರಯಾಣಕ್ಕೆ ಸರಿಸುಮಾರು 1,200ರಿಂದ 2,000 ರೂಪಾಯಿ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ವಾಪಸ್ ಎಂದು ಮೂರು ಪ್ರಯಾಣ, ಇಬ್ಬರು: 10,000 ಎಂದಿಟ್ಟುಕೊಳ್ಳಿ. ಕಾರು, ಪ್ರವೇಶ ಟಿಕೆಟ್, ದೋಣಿ, ಟ್ರಾವೆಲ್ಸ್‌ನವರ ಲಾಭ ಎಲ್ಲಕ್ಕೂ ಧಾರಾಳವಾಗಿ 22,000 ಬಿಡಿ. ಉಳಿದದ್ದು 60,000, ಐದು ರಾತ್ರಿಗೆ ಹಂಚಿದರೆ ರಾತ್ರಿಗೆ 12,000. ಆ ದರಕ್ಕೆ ಸಮುದ್ರದಂಚಿನ ಒಳ್ಳೆಯ ರೆಸಾರ್ಟ್, ಕನಿಷ್ಠ ಬೆಳಗಿನ ತಿಂಡಿ ಮತ್ತು ರಾತ್ರಿಯೂಟ ಸೇರಿ ಸಿಗಬೇಕು. ಪಟ್ಟಣದ ಸಾಧಾರಣ ಹೋಟೆಲನ್ನು ತೋರಿಸಿದ್ದರೆ ದರ ಜಾಸ್ತಿ. ಹೋಟೆಲಿನ ಹೆಸರು ಹುಡುಕಿ, ಅದೇ ದಿನಾಂಕಕ್ಕೆ ನೇರವಾಗಿ ಎಷ್ಟಾಗುತ್ತದೆ ಎಂದು ನೀವೇ ನೋಡಿಕೊಳ್ಳಿ.

ಮುಂಗಡ ಕೊಡುವ ಮೊದಲು ವಾಟ್ಸಾಪಿನಲ್ಲಾದರೂ ಸರಿ, ಬರಹದಲ್ಲಿ ಕೇಳಿ ಪಡೆಯಬೇಕಾದ ಮಾಹಿತಿ ಇದೆ. ಪ್ರತಿ ರಾತ್ರಿಯ ಹೋಟೆಲಿನ ಹೆಸರು ಮತ್ತು ಕೋಣೆಯ ದರ್ಜೆ. ಹಡಗಿನ ಹೆಸರು ಮತ್ತು ಸೀಟಿನ ದರ್ಜೆ. ಕಾರು ನಿಮಗಷ್ಟೇ ಮೀಸಲೋ ಬೇರೆಯವರೊಂದಿಗೋ. ರದ್ದು ಮಾಡಿದರೆ ಯಾವ ದಿನದವರೆಗೆ ಎಷ್ಟು ವಾಪಸ್. 'ಅಥವಾ ಅದೇ ಮಟ್ಟದ ಹೋಟೆಲ್' ಎಂಬ ಸಾಲು ಇದ್ದರೆ ತೆಗೆಸಿ, ಜಗಳ ಹುಟ್ಟುವುದೇ ಅಲ್ಲಿಂದ. ದುಡ್ಡು ಕಟ್ಟಿದ ಒಂದು ವಾರಕ್ಕೆ ಹೋಟೆಲಿಗೆ ನೀವೇ ಫೋನ್ ಮಾಡಿ, ನಿಮ್ಮ ಹೆಸರಿನಲ್ಲಿ ಕೋಣೆ ಇದೆಯೇ ಎಂದು ವಿಚಾರಿಸಿ. 'ಹನಿಮೂನ್ ಸ್ಪೆಷಲ್' ಎಂದರೆ ಹೆಚ್ಚಾಗಿ ಒಂದು ರಾತ್ರಿ ಹಾಸಿಗೆಗೆ ಹೂವಿನ ಅಲಂಕಾರ, ಒಂದು ಕೇಕು, ಒಂದು ಕ್ಯಾಂಡಲ್‌ಲೈಟ್ ಊಟ. ಅದನ್ನು ಪ್ರಯಾಣದಿಂದ ಸುಸ್ತಾಗಿರುವ ಮೊದಲ ರಾತ್ರಿ ಮಾಡಿಸಬೇಡಿ, ಹ್ಯಾವ್‌ಲಾಕ್‌ನ ಎರಡನೇ ರಾತ್ರಿಗೆ ಹೇಳಿ.

ಕೋಣೆಯ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಜೋಡಿಗಳಿಗೆಂದೇ ಕಟ್ಟಿದ ಎಷ್ಟೋ ಕೋಣೆಗಳಲ್ಲಿ ಬಚ್ಚಲಿಗೂ ಮಲಗುವ ಜಾಗಕ್ಕೂ ನಡುವೆ ಬರೀ ಗಾಜು, ಕೆಲವು ಕಡೆ ಸರಿಯಾದ ಬಾಗಿಲೇ ಇರುವುದಿಲ್ಲ. ಮನೆಯವರು ನೋಡಿ ಮಾಡಿದ ಮದುವೆಯಲ್ಲಿ ಇನ್ನೂ ಒಬ್ಬರಿಗೊಬ್ಬರು ಪೂರ್ತಿ ಪರಿಚಯವೇ ಆಗದ ಇಬ್ಬರಿಗೆ ಅಂಥ ಕೋಣೆಯಲ್ಲಿ ಬೆಳಗಿನ ಶೌಚ ಕೂಡ ಸಂಕಟವಾಗುತ್ತದೆ. ಬಚ್ಚಲಿನ ಫೋಟೋ ತರಿಸಿಕೊಳ್ಳಿ, ಗೋಡೆ ಮತ್ತು ಚಿಲಕವಿರುವ ಬಾಗಿಲು ಇದೆಯೇ ಎಂದು ಕೇಳಿ. ಎರಡು ಒಂಟಿ ಮಂಚ ಜೋಡಿಸಿ ಡಬಲ್ ಎನ್ನುವವರೂ ಇದ್ದಾರೆ, ಒಂದೇ ಹಾಸಿಗೆಯ ಮಂಚ ಬೇಕು ಎಂದು ಹೇಳಿಬಿಡಿ.

ನನ್ನನ್ನು ಕೇಳಿದರೆ ಈ ಆರು ದಿನದಲ್ಲಿ ನೀಲ್ ದ್ವೀಪವನ್ನೂ ಬಿಟ್ಟು, ಹ್ಯಾವ್‌ಲಾಕ್‌ನಲ್ಲೇ ಮೂರು ರಾತ್ರಿ ಇರಿ. ಒಂದೊಂದು ದ್ವೀಪ ಬದಲಿಸುವುದೆಂದರೆ ಗಂಟು ಕಟ್ಟು, ಕೋಣೆ ಬಿಡು, ಹಡಗುಕಟ್ಟೆಯಲ್ಲಿ ಕಾಯು, ಮತ್ತೆ ಕೋಣೆ ಹಿಡಿ ಎಂದು ಅರ್ಧ ದಿನ ಹೋಗುತ್ತದೆ. ಮೊದಲ ದಿನ ಪೋರ್ಟ್ ಬ್ಲೇರ್‌ನಲ್ಲಿ ಇಳಿದು ಮಧ್ಯಾಹ್ನದವರೆಗೆ ಮಲಗಿ. ಮೂರು ಗಂಟೆಗೆ ಸೆಲ್ಯುಲರ್ ಜೈಲಿಗೆ ಹೋಗಿ, ಅಲ್ಲಿನ ಧ್ವನಿ-ಬೆಳಕಿನ ಕಾರ್ಯಕ್ರಮ ಮುಗಿಸಿಕೊಂಡು ಬನ್ನಿ. ಜೈಲಿಗೆ ಸೋಮವಾರ ರಜೆ, ನೀವು ಇಳಿಯುವುದು ಮಂಗಳವಾರವಾದ್ದರಿಂದ ತೊಂದರೆಯಿಲ್ಲ. ಎರಡನೇ ದಿನ ಬೆಳಗಿನ ಹಡಗಿಗೆ ಹ್ಯಾವ್‌ಲಾಕ್, ಸಂಜೆ ರಾಧಾನಗರ ಕಡಲತೀರ. ಮೂರನೇ ದಿನ ಎಲಿಫೆಂಟ್ ಬೀಚ್ ಅಥವಾ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿಗೆ ಇಳಿಯುವುದು). ನಾಲ್ಕನೇ ದಿನ ಖಾಲಿ ಇಡಿ, ಏನೂ ಹಾಕಿಕೊಳ್ಳಬೇಡಿ. ಮೂರನೇ ದಿನ ಹವೆ ಕೆಟ್ಟರೆ ನೀರಿನ ಕೆಲಸ ಈ ದಿನಕ್ಕೆ ಬರುತ್ತದೆ, ಇಲ್ಲದಿದ್ದರೆ ಹೊತ್ತೇರುವವರೆಗೆ ಮಲಗಿ ಕಾಲಾಪತ್ಥರ್ ಕಡಲತೀರದ ಕಡೆ ನಡೆದುಬನ್ನಿ. ಐದನೇ ದಿನ ಮಧ್ಯಾಹ್ನದ ಹಡಗಿಗೆ ವಾಪಸ್, ಆರನೇ ದಿನ ವಿಮಾನ. ನೀಲ್ ನೋಡಲೇಬೇಕು ಅಂದರೆ ನಾಲ್ಕನೇ ರಾತ್ರಿ ಅಲ್ಲಿಗೆ ಕೊಡಬಹುದು. ಆದರೆ ಅಲ್ಲಿನ ಕಲ್ಲಿನ ಕಮಾನು ನೋಡಲು ನೀರು ಇಳಿದಿರಬೇಕು, ಇಳಿತದ ಹೊತ್ತು ದಿನದಿನಕ್ಕೂ ಬದಲಾಗುತ್ತದೆ, ಹೋಟೆಲಿನಲ್ಲಿ ಕೇಳಿಕೊಂಡು ಹೊರಡಿ.

ಒಂದು ವಿಷಯ ಎಲ್ಲರೂ ಮರೆಯುವುದು: ಅಂಡಮಾನ್ ನಮ್ಮೂರಿಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಫೆಬ್ರವರಿಯಲ್ಲಿ ದಾವಣಗೆರೆಯಲ್ಲಿ ಆರೂವರೆಗೆ ಮುಳುಗುವ ಸೂರ್ಯ ಅಲ್ಲಿ ಐದೂವರೆಯ ಹೊತ್ತಿಗೇ ಮುಳುಗಿರುತ್ತಾನೆ. ರಾಧಾನಗರದ ಸೂರ್ಯಾಸ್ತಕ್ಕೆ ಐದೂವರೆಗೆ ಹೊರಟರೆ ಕತ್ತಲನ್ನೇ ನೋಡಬೇಕು, ನಾಲ್ಕಕ್ಕೇ ಅಲ್ಲಿರಿ. ಕತ್ತಲಾದ ಮೇಲೆ ನೀರಿಗಿಳಿಯಬೇಡಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುವೆ ಸಮುದ್ರಕ್ಕೆ ಸೇರುವ ಜಾಗಗಳಲ್ಲಿ ಹಗಲಿನಲ್ಲೂ ಇಳಿಯಬಾರದು. ಎಚ್ಚರಿಕೆ ಫಲಕ ಇದ್ದಲ್ಲಿ ಅದರ ಮಾತು ಕೇಳಿ.

ಈಜು ಬರುವುದಿಲ್ಲ ಎಂದು ಚಿಂತಿಸಬೇಕಿಲ್ಲ. ಎಲಿಫೆಂಟ್ ಬೀಚ್‌ನಲ್ಲಿ ಲೈಫ್ ಜಾಕೆಟ್ ಹಾಕಿಸಿ, ರಬ್ಬರ್ ಟ್ಯೂಬ್ ಹಿಡಿಸಿ, ಜೊತೆಗೊಬ್ಬ ಗೈಡ್ ಕರೆದೊಯ್ದು ಹವಳ ತೋರಿಸುತ್ತಾನೆ. ಮುಖಕ್ಕೆ ಕಟ್ಟುವ ಮಾಸ್ಕಿನೊಳಗೆ ಕೂದಲೆಳೆ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ಹೆದರಿಕೆ ಶುರುವಾಗುವುದೇ ಆಗ. ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿ ಬಿಗಿಯಾಗಿ ಜಡೆ ಹೆಣೆದುಕೊಳ್ಳಿ. ಹುಡುಗನಿಗೆ ದಪ್ಪ ಮೀಸೆಯಿದ್ದರೆ ಮೂಗಿನ ಕೆಳಗೆ ತೆಳುವಾಗಿ ವ್ಯಾಸಲೀನ್ ಸವರಿಕೊಳ್ಳಲಿ. ಮೊದಲ ಐದು ನಿಮಿಷ ನಿಲುಕುವ ನೀರಲ್ಲೇ ನಿಂತು ಬಾಯಿಯಿಂದ ಉಸಿರಾಡುವುದನ್ನು ಅಭ್ಯಾಸ ಮಾಡಿ, ಆಮೇಲೆ ಮುಂದೆ ಹೋಗಿ. ಕಾಲಡಿ ಹವಳವಿದ್ದರೆ ಅದರ ಮೇಲೆ ನಿಲ್ಲಬೇಡಿ. ಅದು ಜೀವಂತ, ಕಾಲಿಗೂ ಕೊಯ್ಯುತ್ತದೆ.

ಸ್ಕೂಬಾಗೂ ಈಜು ಕಡ್ಡಾಯವಲ್ಲ. ಮೊದಲ ಬಾರಿಯವರನ್ನು 12 ಮೀಟರ್‌ಗಿಂತ ಆಳಕ್ಕೆ ಕರೆದೊಯ್ಯುವುದಿಲ್ಲ, ತರಬೇತುದಾರ ಹಿಡಿದುಕೊಂಡೇ ಇರುತ್ತಾನೆ. ಅಸ್ತಮಾ, ಫಿಟ್ಸ್, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇವುಗಳನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ: ಆಳಕ್ಕೆ ಹೋದಂತೆ ಕಿವಿಯೊಳಗಿನ ಒತ್ತಡ ಸರಿಹೊಂದಿಸಲು ಮೂಗು ಹಿಡಿದು ಊದಬೇಕು, ಮೂಗು ಕಟ್ಟಿದ್ದರೆ ಅದು ಆಗದೆ ಕಿವಿತಮಟೆಗೆ ಪೆಟ್ಟಾಗುತ್ತದೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು 24 ಗಂಟೆಯಾದರೂ ಬಿಡಿ. ನೀರಿನಡಿಯಲ್ಲಿ ದೇಹ ಹೀರಿಕೊಂಡ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು, ಬೇಗ ಎತ್ತರಕ್ಕೆ ಹೋದರೆ ರಕ್ತದಲ್ಲಿ ಗುಳ್ಳೆಯಾಗುತ್ತದೆ. ಮೂರನೇ ಅಥವಾ ನಾಲ್ಕನೇ ದಿನ ಎಂದದ್ದಕ್ಕೆ ಇದೂ ಒಂದು ಕಾರಣ.

ಹಡಗಿನಲ್ಲಿ ವಾಂತಿಯಾಗುವುದು ಸಾಮಾನ್ಯ. ಖಾಸಗಿ ಹಡಗುಗಳು ಮುಚ್ಚಿದ ಎಸಿ ಹಡಗುಗಳು, ಹೊರಗೆ ನಿಂತು ಗಾಳಿ ತೆಗೆದುಕೊಳ್ಳುವ ಅವಕಾಶ ಎಲ್ಲದರಲ್ಲೂ ಇರುವುದಿಲ್ಲ. ಕೆಳ ಅಂತಸ್ತಿನ ಮಧ್ಯದ ಇಲ್ಲವೇ ಸ್ವಲ್ಪ ಹಿಂದಿನ ಸೀಟು ಕೇಳಿ, ಅಲ್ಲಿ ಕುಲುಕಾಟ ಕಡಿಮೆ. ಬೆಳಿಗ್ಗೆ ಎರಡು ಇಡ್ಲಿ ತಿಂದು ಹೋಗಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ಪೂರಿಯೂ ಬೇಡ. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ತಲೆ ಸುತ್ತುವವರಾದರೆ ಅವೊಮಿನ್ ಥರದ ಮಾತ್ರೆಯನ್ನು ವೈದ್ಯರಲ್ಲಿ ಕೇಳಿಟ್ಟುಕೊಂಡು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಿ, ಸಂಕಟ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ನಿದ್ದೆ ಬರಿಸುತ್ತದೆ; ಅದೇ ದಿನ ಸ್ಕೂಬಾ ಬೇಡ. ಕೂತಾಗ ಮೊಬೈಲ್ ನೋಡದೆ ಕಿಟಕಿಯಾಚೆ ದೂರದ ಅಂಚನ್ನು ನೋಡುತ್ತಿರಿ.

ಒಡವೆಯ ವಿಷಯಕ್ಕೆ ಎರಡೂ ಮನೆಯವರ ಒಪ್ಪಿಗೆ ಮೊದಲೇ ಬೇಕು. ಹಾರ, ಜುಮ್ಕಿ, ಬಂಗಾರದ ಬಳೆ ಎಲ್ಲ ಲಾಕರಿಗೆ ಹೋಗಲಿ. ತಾಳಿ ತೆಗೆಯಬಾರದು ಎಂದಿದ್ದರೆ ಒಂದೆಳೆಯ ಗಿಡ್ಡ ಕರಿಮಣಿಯಲ್ಲಿ ಹಾಕಿಸಿ, ನೀರಿಗಿಳಿಯುವಾಗ ಕುತ್ತಿಗೆ ಮುಚ್ಚುವ ತುಂಬುತೋಳಿನ ಅಂಗಿಯೊಳಗೆ ಸೇರಿಸಿಕೊಳ್ಳಿ. ಅರಿಶಿನದ ದಾರದಲ್ಲೇ ಇರಬೇಕಾದರೆ, ಒದ್ದೆಯಾದಾಗ ಬಣ್ಣ ಬಿಟ್ಟು ಹೋಟೆಲಿನ ಬಿಳಿ ಹಾಸಿಗೆ ಹಳದಿಯಾಗುತ್ತದೆ, ಕೆಲವರು ಅದಕ್ಕೆ ದಂಡ ಹಾಕುತ್ತಾರೆ. ಹಳೆಯ ಟವೆಲೊಂದನ್ನು ದಿಂಬಿನ ಮೇಲೆ ಹಾಸಿಕೊಳ್ಳಿ. ನಿಶ್ಚಿತಾರ್ಥದ ಉಂಗುರ ಇಬ್ಬರೂ ಕೋಣೆಯಲ್ಲೇ ಬಿಟ್ಟುಹೋಗಿ. ನೀರಿನಲ್ಲಿ ತಣ್ಣಗಾದ ಬೆರಳು ಸಣ್ಣಗಾಗುತ್ತದೆ, ದಡದಲ್ಲಿ ಬಿಗಿಯಿದ್ದ ಉಂಗುರ ಜಾರಿದ್ದು ತಿಳಿಯುವುದೇ ಇಲ್ಲ. ಮದುವೆಯ ಹಸಿರು ಗಾಜಿನ ಬಳೆ ದೋಣಿಯ ಏಣಿಗೆ ಬಡಿದು ಒಡೆದರೆ ಮಣಿಕಟ್ಟು ಕೊಯ್ಯುತ್ತದೆ. ಎರಡೆರಡು ಮಾತ್ರ ಉಳಿಸಿಕೊಂಡು, ಮೇಲೆ ಬಿಗಿಯಾಗಿ ಬಟ್ಟೆಯ ಪಟ್ಟಿ ಸುತ್ತಿ. ಕಾಲುಂಗುರಕ್ಕೂ ಫಿನ್ಸ್ (ಈಜಲು ಕಾಲಿಗೆ ಹಾಕುವ ರಬ್ಬರ್ ರೆಕ್ಕೆ) ಹಾಕುವ ಮುನ್ನ ಒಂದು ಸುತ್ತು ಮೆಡಿಕಲ್ ಟೇಪ್ ಹಾಕಿಕೊಳ್ಳಿ. ಮದುವೆಗೆಂದು ಹೊಸದಾಗಿ ಮೂಗು ಚುಚ್ಚಿಸಿದ್ದರೆ ಗಾಯ ಪೂರ್ತಿ ಮಾಯುವವರೆಗೆ ಸಮುದ್ರಕ್ಕೆ ಮುಖ ಅದ್ದಬೇಡಿ. ವ್ಯಾಕ್ಸಿಂಗ್, ಬ್ಲೀಚ್ ಏನೇ ಇದ್ದರೂ ಹೊರಡುವ ಮೂರು ದಿನ ಮೊದಲೇ ಮುಗಿಸಿ, ಇಲ್ಲದಿದ್ದರೆ ಉಪ್ಪುನೀರಿಗೆ ಮೈಯೆಲ್ಲ ಉರಿ.

ಬಟ್ಟೆ ಸರಳ. ಹತ್ತಿ ಚೂಡಿದಾರ್ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ದುಪಟ್ಟಾ ದೋಣಿಯಲ್ಲಿ ಅಪಾಯ. ನೈಲಾನ್ ಅಥವಾ ಪಾಲಿಯೆಸ್ಟರ್‌ನ ತುಂಬುತೋಳಿನ ಟಾಪು, ಲೆಗಿನ್ಸ್ ಎರಡು ಜೊತೆ, ಬೇಗ ಒಣಗುವ ಟವೆಲ್, ರಬ್ಬರ್ ಚಪ್ಪಲಿ, ಟೋಪಿ. ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹೊರಡುವ ಕಾಲು ಗಂಟೆ ಮೊದಲು, ಮುಖ-ಕುತ್ತಿಗೆಗೆ ಎರಡು ಬೆರಳುದ್ದ. ಎರಡು ಗಂಟೆಗೊಮ್ಮೆ ಮತ್ತೆ.

ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆಜಿ ಬ್ಯಾಗು, ಕೈಯಲ್ಲಿ 7 ಕೆಜಿ. ಮಡಿಲಕ್ಕಿಯ ಕೊಬ್ಬರಿ ಬಟ್ಟಲನ್ನು 'ಶುಭ, ಜೊತೆಗಿರಲಿ' ಎಂದು ಅಮ್ಮ ಬ್ಯಾಗಿಗೆ ಹಾಕಿದರೆ ಹೊರಡುವ ಮುನ್ನ ತೆಗೆದಿಡಿ. ಒಣಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗಿ ಕಾವೇರಿ ಬೆಂಕಿ ಹತ್ತುವ ವಸ್ತುವೆಂದು ವಿಮಾನದಲ್ಲಿ ನಿಷೇಧ, ಬ್ಯಾಗು ಬಿಚ್ಚಿಸುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿ.

ಟಿಕೆಟ್ಟಿನಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಲಗ್ನಪತ್ರಿಕೆ ನೋಡಿಕೊಂಡು ಟ್ರಾವೆಲ್ಸ್‌ನವರು ಗಂಡನ ಮನೆ ಹೆಸರು ಸೇರಿಸಿಬಿಡುತ್ತಾರೆ, ವಿಮಾನ ನಿಲ್ದಾಣದ ಬಾಗಿಲಲ್ಲೇ ತಡೆಯುತ್ತಾರೆ. ನಮ್ಮಲ್ಲಿ ಹೆಸರಿನೊಂದಿಗೆ ಇನಿಷಿಯಲ್ ಮಾತ್ರ ಇರುತ್ತದಲ್ಲ, ಅದನ್ನು ಚುಕ್ಕೆಯಿಲ್ಲದೆ ಕೊನೆಯ ಹೆಸರಿನ ಜಾಗದಲ್ಲಿ ಹಾಕಿಸಿ. ಒಂದೇ ಅಕ್ಷರವನ್ನು ಒಪ್ಪದಿದ್ದರೆ ಏನು ಮಾಡಬೇಕೆಂದು ವಿಮಾನ ಸಂಸ್ಥೆಯನ್ನೇ ಕೇಳಿ. ಆಧಾರ್ ತಿದ್ದುಪಡಿ ಪ್ರವಾಸ ಮುಗಿದ ಮೇಲೆ ಮಾಡಿಸಿ. ಹೋಟೆಲಿಗೆ ಮದುವೆ ಪ್ರಮಾಣಪತ್ರ ಬೇಕಿಲ್ಲ, ಇಬ್ಬರ ಮೂಲ ಗುರುತಿನ ಚೀಟಿ ಸಾಕು. ಭಾರತೀಯರಿಗೆ ಈ ಮೂರು ದ್ವೀಪಗಳಿಗೆ ವಿಶೇಷ ಅನುಮತಿಯೂ ಬೇಡ. ಹೊಸ ಹೆಸರುಗಳು ಮಾತ್ರ ಗೊತ್ತಿರಲಿ: ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ಟಿನಲ್ಲಿ ಯಾವುದಿದ್ದರೂ ಗಾಬರಿಯಾಗಬೇಡಿ. ಹ್ಯಾವ್‌ಲಾಕ್‌ನಲ್ಲಿ ಎಟಿಎಂ ಕಡಿಮೆ, ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ನಡೆಯುವುದಿಲ್ಲ. 10,000ದಷ್ಟು ನಗದು, ಇಬ್ಬರಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಟಿಕೆಟ್‌ಗಳನ್ನು ಮುದ್ರಿಸಿಟ್ಟುಕೊಳ್ಳಿ.

ಬೆಂಗಳೂರಿನಿಂದ ನೇರ ವಿಮಾನ ಎರಡೂವರೆ ಗಂಟೆಯ ಆಸುಪಾಸು. ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ವಿಮಾನ ಹಿಡಿಯುವ ಸಾಹಸ ಬೇಡ, ಹಿಂದಿನ ದಿನ ಮಧ್ಯಾಹ್ನವೇ ಹೊರಟು ಹುಡುಗನ ಬೆಂಗಳೂರಿನ ಮನೆಯಲ್ಲಿ ಮಲಗಿ. ಏರುವಾಗ ಇಳಿಯುವಾಗ ಕಿವಿ ಅಡಚಿಕೊಂಡರೆ ಪೆಪ್ಪರ್‌ಮಿಂಟ್ ಚೀಪಿ, ಉಗುಳು ನುಂಗುತ್ತಿರಿ.

ಹೊರಡುವ ಮುನ್ನ ಅವರೊಂದಿಗೆ ಕೂತು ಮಾತಾಡಬೇಕಾದ್ದು ಒಂದಿಷ್ಟಿದೆ: ದಿನಕ್ಕೆ ಎಷ್ಟು ಖರ್ಚು, ಯಾರ ಖಾತೆಯಿಂದ, ಒಬ್ಬರು ಸಸ್ಯಾಹಾರಿಯಾಗಿದ್ದರೆ ಊಟ ಎಲ್ಲಿ, ಫೋಟೋಗಳನ್ನು ಸ್ಟೇಟಸ್‌ಗೆ ಹಾಕುವುದಾದರೆ ಯಾವುದನ್ನು, ಮನೆಗೆ ದಿನಕ್ಕೆ ಎಷ್ಟು ಸಲ ಫೋನು. ರಾತ್ರಿ ಎಂಟಕ್ಕೆ ಎರಡೂ ಮನೆಗೆ ಒಂದೊಂದು ಕರೆ ಎಂದು ಮೊದಲೇ ಹೇಳಿಟ್ಟರೆ ಹಗಲೆಲ್ಲ ಫೋನು ಬಡಿದುಕೊಳ್ಳುವುದಿಲ್ಲ. ದೇಹಸಂಬಂಧದ ಬಗ್ಗೆಯೂ, ಎಷ್ಟು ಬೇಗ, ಯಾವುದು ಬೇಡ ಎಂದು ನೀವೂ ಹೇಳಿ, ಅವರ ಮಾತನ್ನೂ ಕೇಳಿಸಿಕೊಳ್ಳಿ. ಮೊದಲ ಎರಡು ಮೂರು ದಿನ ಬರೀ ನಿದ್ದೆಯಲ್ಲೇ ಕಳೆದರೂ ಅದರಲ್ಲಿ ಕೊರತೆಯೇನೂ ಇಲ್ಲ. ಇಷ್ಟವಿಲ್ಲದ್ದಕ್ಕೆ 'ಟಿಕೆಟ್ ಮಾಡಿಸಿ ಆಗಿದೆ' ಎಂಬ ಕಾರಣಕ್ಕೆ ಒಪ್ಪಬೇಕಿಲ್ಲ.

ಬರುವಾಗ ದಡದಲ್ಲಿ ಆಯ್ದ ಹವಳದ ಚೂರು, ಚಿಪ್ಪು ತರಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದರೆ ಗಂಟೆಗಟ್ಟಲೆ ವಿಚಾರಣೆ. ಏನಾದರೂ ಬೇಕೆಂದಿದ್ದರೆ ಪೋರ್ಟ್ ಬ್ಲೇರ್‌ನ ಸರ್ಕಾರಿ ಮಳಿಗೆ ಸಾಗರಿಕಾದಲ್ಲಿ ಕೊಂಡು ರಸೀದಿ ಕೈಯಲ್ಲಿಟ್ಟುಕೊಳ್ಳಿ. ಭಾನುವಾರ ಬೆಂಗಳೂರಿಗೆ ಬಂದಿಳಿದ ರಾತ್ರಿಯೇ ದಾವಣಗೆರೆಗೆ ಹೊರಡಬೇಡಿ, ಅವರು ಆಫೀಸಿಗೆ ಸೋಮವಾರವೂ ರಜೆ ಹಾಕಿರಲಿ.